ಒಲ್ಲೆನೆಂದ ನೀರು

ನಮ್ಮ ಧರ್ಮಪ್ರಾಂತ್ಯದಲ್ಲಿ ಕ್ರೈಸ್ತ ಸಂಸ್ಕಾರಗಳನ್ನೂ ಈ ನೆಲದ ಮೂಲಜನರ ನಂಬಿಕೆಯನ್ನೂ ಜೊತೆಗಿಟ್ಟು ನೋಡಿದ ಗುರುಗಳು ಹಲವರಿದ್ದಾರೆ. ಕೆಲವರು ದೊಡ್ಡ ಪುಸ್ತಕ ಬರೆದರು. ಕೆಲವರು ಪೂಜಾವಸ್ತ್ರದ ಮೇಲೆ ಮೂಲಜನರ ಚುಕ್ಕಿಚಿತ್ರ ಬರೆಸಿಕೊಂಡರು. ಪರ್ತ್ ನಗರದಿಂದ ಬಹುದೂರದ ಕೊರೆಲ್ಲಾ ಗ್ಯಾಪ್ ಮಿಷನ್ನಿನಲ್ಲಿ ನಲವತ್ತೊಂದು ವರ್ಷ ಸೇವೆ ಸಲ್ಲಿಸಿ ಈಗ ನಿವೃತ್ತರಾಗಿರುವ ಪೂಜ್ಯ ಫಾದರ್ ಫಿಂಟನ್ ಮಲ್ಕೇಹಿಯವರು ಎರಡನ್ನೂ ಮಾಡಲಿಲ್ಲ. ವರ್ಷಕ್ಕೊಮ್ಮೆ, ಪುನರುತ್ಥಾನದ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಹೊಸದಾಗಿ ಬಂದ ಗುರುಗಳಿಗೆ ಒಂದು ಉಪನ್ಯಾಸ ಕೊಡುತ್ತಿದ್ದರು, ಅಷ್ಟೆ. ಪ್ರತಿವರ್ಷವೂ ಅದು ಅವರದೇ ಒಂದು ತಪ್ಪಿನಿಂದ ಆರಂಭವಾಗುತ್ತಿತ್ತು.

"ಧೂಪಾನೂ ಹೊಗೆ, ಸಾವಿನ ಮನೇಲಿ ಇವರು ಹಸಿರೆಲೆ ಸುಡೋದೂ ಹೊಗೆ," ಎನ್ನುತ್ತಿದ್ದರು. "ಎರಡೂ ಒಂದೇ ಅಂತ ಬೇಗ ಹೇಳ್ಬೇಡಿ. ನಮ್ಮ ಸಂಸ್ಕಾರಾನ ಪೆಟ್ಟಿಗೇಲಿ ಹಾಕ್ಕೊಂಡು ಎಲ್ಲಿಗ್ಬೇಕಾದ್ರೂ ಹೋಗ್ಬೋದು. ಇವರದ್ದು ನೆಲ ಬಿಟ್ಟು ಏಳಲ್ಲ."

ವಿದ್ವಾಂಸರ ಲೇಖನಗಳು ಈ ಅಭಿನಂದನ ಗ್ರಂಥದಲ್ಲಿ ಬೇಕಾದಷ್ಟಿವೆ. ಬಲಿಪೀಠದ ವಸ್ತ್ರ ಒಗೆದು ಇಸ್ತ್ರಿ ಮಾಡುವ ನನಗೆ ಗೊತ್ತಿರುವುದು ಆ ತಪ್ಪಿನ ಸಂಗತಿ. ಅದು ನಮ್ಮ ಮನೆಯ ಸಂಗತಿಯೂ ಹೌದು.

ಫಾದರ್ ಇಲ್ಲಿಗೆ ಬಂದದ್ದು ೧೯೮೩ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ. ಆಗ ಮಿಷನ್ನಿನ ಆಚೆಗಿರುವ ದೊಡ್ಡ ಮಡುವಿನ ಹಕ್ಕು ನನ್ನ ಮುತ್ತಜ್ಜಿಯದಾಗಿತ್ತು. ತೀರಿಕೊಂಡವರ ಹೆಸರನ್ನು ನಮ್ಮಲ್ಲಿ ಎತ್ತುವುದಿಲ್ಲವಾದ್ದರಿಂದ ಮುತ್ತಜ್ಜಿ ಎಂದೇ ಬರೆಯುತ್ತೇನೆ. ಹೊಸಬರು ಆ ನೀರಿಗೆ ಇಳಿಯುವ ಮೊದಲು, ಆ ನೀರಿನ ಮನೆತನದವರು ಒಂದು ಕಲ್ಲನ್ನು ಕಂಕುಳಲ್ಲಿ ಉಜ್ಜಿ, ಬೆವರು ತಾಗಿಸಿ, ನೀರಿಗೆಸೆದು, ಬಂದವನು ಯಾರೆಂದು ಗತಿಸಿದ ಹಿರಿಯರಿಗೆ ತಮ್ಮ ನುಡಿಯಲ್ಲಿ ಕೂಗಿ ತಿಳಿಸಬೇಕು. ಆಮೇಲೆ ಬಾಯಿತುಂಬ ನೀರು ತೆಗೆದುಕೊಂಡು ಹೊಸಬನ ತಲೆಯ ಮೇಲೆ ಉಗುಳಬೇಕು. ಹಾಗೆ ಪರಿಚಯವಾಗದವನನ್ನು ಮಡುವಿನೊಳಗಿದ್ದು ಅದನ್ನು ಕಾಯುವ ಹಾವು ಒಲ್ಲದು.

ಫಾದರ್ ಬಂದ ಮೊದಲ ವಾರವೇ ಮುತ್ತಜ್ಜಿ ಅವರನ್ನು ದಡದಿಂದ ಕರೆದರು. ಮೀನು ಹಿಡಿಯುತ್ತಿದ್ದ ಹೆಂಗಸರೆಲ್ಲ ಅಲ್ಲಿದ್ದರು.

"ಬಾರೋ ಹುಡ್ಗಾ, ನೀರಿಗೆ ನಿನ್ನ ತೋರಿಸ್ತೀನಿ. ಒಂದ್ಸಲ ತಲೆ ಮೇಲೆ ಉಗುಳಿದ್ರೆ ಮುಗೀತು, ನೀನು ಇಲ್ಲಿಯೋನೇ."

"ಬೇಡಮ್ಮಾ. ನನಗೆ ಜ್ಞಾನಸ್ನಾನ ಆಗಿದೆ. ಅದು ಜೀವನದಲ್ಲಿ ಒಂದೇ ಸಲ."

"ನಿಂಗಾಗಿದೆ ಕಣೋ. ಈ ನೀರಿಗೆ ಅದು ಗೊತ್ತಿಲ್ವಲ್ಲ!"

ಹೆಂಗಸರು ಬಿದ್ದು ಬಿದ್ದು ನಕ್ಕರಂತೆ. ಫಾದರ್ ಕೆಂಪಾಗಿ ಹಿಂದಿರುಗಿದರು. ತಲೆಗೆ ನೀರೆರೆದು ಕ್ರೈಸ್ತರಾಗಿಸುವ ಜ್ಞಾನಸ್ನಾನವನ್ನು ಎರಡನೆಯ ಬಾರಿ ಪಡೆಯುವುದು ಪಾಪವೆಂದು ಓದಿದ್ದ ಆ ತರುಣ ಗುರುವಿಗೆ, ಮುತ್ತಜ್ಜಿ ಕೊಡಬಂದದ್ದು ಬೇರೆಯದೆಂದು ಅಂದು ತೋಚಲಿಲ್ಲ. ಮುತ್ತಜ್ಜಿ ಮತ್ತೆ ಕರೆಯಲಿಲ್ಲ.

ಅವರ ಸೇವೆಯ ವಿವರಗಳನ್ನು ಬಲ್ಲವರು ಬರೆದಿದ್ದಾರೆ. ನಾನು ಒಂದೆರಡನ್ನಷ್ಟೇ ನೆನೆಯುತ್ತೇನೆ. ಹಿಂದೆ ಸರಕಾರ ನಮ್ಮ ಮೂಲಜನರ ಮಕ್ಕಳನ್ನು ತಾಯಂದಿರಿಂದ ಬೇರೆ ಮಾಡಿ ದೂರದ ವಸತಿಗೃಹಗಳಲ್ಲಿಟ್ಟಿದ್ದ ಕಾಲವೊಂದಿತ್ತು. ಹಾಗೆ ಚದುರಿದವರ ಗುರುತು ಹಚ್ಚಲು ಫಾದರ್ ಹನ್ನೆರಡು ವರ್ಷ ಹಳೆಯ ಜ್ಞಾನಸ್ನಾನದ ದಾಖಲೆಗಳನ್ನು ತಿರುವಿ, ಊರೂರಿನ ಗುರುಗಳಿಗೆ ಕೈಬರಹದಲ್ಲಿ ಕಾಗದ ಬರೆದರು. ಮುತ್ತಜ್ಜಿಯ ಮಗಳಾದ ನನ್ನ ಅಜ್ಜಿ ಇಮೆಲ್ಡಾಳ ತಮ್ಮ ಸಿಕ್ಕಿದ್ದು ಹಾಗೆಯೇ, ಐವತ್ತರ ವಯಸ್ಸಿನಲ್ಲಿ, ಇನ್ನೊಂದು ಹೆಸರಿನಲ್ಲಿ. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಚರ್ಚಿನಲ್ಲಿ ಗಟ್ಟಿಯಾಗಿ ಓದಲು ನಾಚಿಕೆಯಾದಾಗ, ಖಾಲಿ ಬೆಂಚುಗಳಿಗೆ ಭಾನುವಾರದ ಬೈಬಲ್ ಪಾಠ ಓದಿಸಿ, ತಾವು ಹಿಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು.

ಇಷ್ಟೆಲ್ಲ ಇದ್ದೂ ಮಡುವಿನ ಕಡೆ ಅವರು ಹೆಜ್ಜೆ ಇಡಲಿಲ್ಲ. ಪುನರುತ್ಥಾನದ ಹಬ್ಬದ ಮರುದಿನ ಊರಿಗೆ ಊರೇ ಅಲ್ಲಿ ಮೀನು ಹಿಡಿದು, ಕೆಂಡದಲ್ಲಿ ರೊಟ್ಟಿ ಸುಟ್ಟು ತಿನ್ನುವಾಗ, ಅವರು ರಸ್ತೆಯಲ್ಲೇ ಟ್ರಕ್ ನಿಲ್ಲಿಸಿ ಕಾಯುತ್ತಿದ್ದರು. "ಫಾದರ್‌ಗೆ ಸ್ನಾನ ಅಂದ್ರೆ ಆಗಲ್ಲ!" ಎಂದು ಮಕ್ಕಳು ಕೂಗುತ್ತಿದ್ದವು. ಒಮ್ಮೆ ಪಂಪು ಕೆಟ್ಟು ಹದಿನೈದು ದಿನ ಇಡೀ ಮಿಷನ್ ಮಡುವಿನ ನೀರು ಕುಡಿದಾಗಲೂ ಅವರೊಬ್ಬರು ತೊಟ್ಟಿಯ ತಳದ ಮಳೆನೀರನ್ನು ಸೋಸಿ ಕುಡಿದರು. ಮೊದಮೊದಲು ಅದು ಹಟವೆಂದು ಜನ ತಿಳಿದರು. ಪರಿಚಯವಿಲ್ಲದೆ ಮುಟ್ಟಬಾರದೆಂಬ ಮರ್ಯಾದೆ ಅದೆಂದು ತಿಳಿದದ್ದು ಬಹಳ ತಡವಾಗಿ.

೧೯೯೧ರಲ್ಲಿ ಮುತ್ತಜ್ಜಿ ಹಾಸಿಗೆ ಹಿಡಿದರು. ರೋಗಿಗಳಿಗೆ ಪವಿತ್ರ ತೈಲ ಹಚ್ಚಲು ಫಾದರ್ ಬಂದಾಗ ಮುತ್ತಜ್ಜಿ ಎರಡೂ ಅಂಗೈಗಳನ್ನು ತಾವೇ ಬಿಚ್ಚಿ ಮುಂದೆ ಹಿಡಿದರು. ಹಣೆಗೆ, ಕೈಗೆ ಎಣ್ಣೆ ಹಚ್ಚಿಸಿಕೊಂಡು, ಪ್ರಾರ್ಥನೆ ಮುಗಿದ ಮೇಲೆ ಮೆಲ್ಲಗೆ ಹೇಳಿದರು: "ನಿನ್ನ ಎಣ್ಣೆ ನಾನು ತಗೊಂಡೆ ಕಣಪ್ಪಾ. ನನ್ನ ನೀರು ನೀನು ತಗೊಳ್ಳಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲವೆಂದು ಪಕ್ಕದಲ್ಲಿದ್ದ ಇಮೆಲ್ಡಾ ಅಜ್ಜಿ ಹೇಳುತ್ತಾಳೆ. ಫಾದರ್ ಮಾತ್ರ ಅದನ್ನು ಮರೆಯಲಿಲ್ಲ. ಆ ವರ್ಷದಿಂದಲೇ ತಪಸ್ಸುಕಾಲದ ಉಪನ್ಯಾಸ ಆರಂಭವಾಯಿತು.

ಮುತ್ತಜ್ಜಿಯ ನಂತರ ಮಡುವಿನ ಹಕ್ಕು ಇಮೆಲ್ಡಾ ಅಜ್ಜಿಗೆ ಬಂತು. ಆದರೆ ಅಜ್ಜಿಯೂ ಐದನೆಯ ವಯಸ್ಸಿನಿಂದ ದೂರದ ವಸತಿಗೃಹವೊಂದರಲ್ಲಿ ಬೆಳೆದವಳು. ಅಲ್ಲಿ ತಾಯ್ನುಡಿ ಆಡಿದರೆ ಬಾಯಿಗೆ ಸೋಪು ಹಾಕುತ್ತಿದ್ದರು. ಹಿಂದಿರುಗಿ ಬಂದಾಗ ಅಡುಗೆಯ ಮಾತು, ಬೈಗುಳದ ಮಾತು ಉಳಿದಿದ್ದವು. ನೀರಿನೊಂದಿಗೆ ಆಡುವ ಮಾತು ಅವಳಿಗೆ ಬಾರದು. ಮುಂದೆ ಅವಳು ಫಾದರ್ ಬಳಿಯೇ ತರಬೇತಿ ಪಡೆದು ಉಪದೇಶಿಯಾದಳು. ಮಿಷನ್ನಿನ ಮಕ್ಕಳಿಗೆಲ್ಲ ಧರ್ಮೋಪದೇಶ ಹೇಳಿಕೊಟ್ಟವಳು ಅವಳೇ.

ಕಳೆದ ಏಪ್ರಿಲ್‌ನಲ್ಲಿ ನಿವೃತ್ತಿಯ ಪತ್ರ ಬಂತು. ಪರ್ತ್‌ನಲ್ಲಿರುವ ವೃದ್ಧ ಗುರುಗಳ ನಿವಾಸಕ್ಕೆ ಫಾದರ್ ಹೋಗಬೇಕಿತ್ತು. ಹೊರಡುವ ಹಿಂದಿನ ಶನಿವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದು, ಹೊಸಿಲಾಚೆಯೇ ನಿಂತರು.

"ಇಮೆಲ್ಡಾ, ಹೋಗೋಕೆ ಮುಂಚೆ ನನ್ನನ್ನ ಆ ನೀರಿಗೆ ತೋರಿಸ್ತೀಯಾ?"

ಅಜ್ಜಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಇಬ್ಬರಿಗೂ ಕಣ್ಣು ಮಂಜಾದ್ದರಿಂದ ಟ್ರಕ್ ನಡೆಸಿದ್ದು ನಾನು.

ದಡದಲ್ಲಿ ಅಜ್ಜಿ ಒಂದು ಕಲ್ಲು ಆರಿಸಿ ಕಂಕುಳಲ್ಲಿ ಉಜ್ಜಿದಳು. ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಕಲ್ಲನ್ನು ಮೆಲ್ಲಗೆ ಮರಳಿನ ಮೇಲಿಟ್ಟಳು.

"ಆಗಲ್ಲ ಫಾದರ್."

"ನಿನಗೆ ಬರೋ ಮಾತಲ್ಲೇ ಹೇಳು ಇಮೆಲ್ಡಾ. ಇಂಗ್ಲಿಷಲ್ಲೇ ಆಗ್ಲಿ."

"ನೀವೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು, ಜ್ಞಾನಸ್ನಾನದಲ್ಲಿ ಮಾತು ತಪ್ಪಿದ್ರೆ ಸಂಸ್ಕಾರವೇ ಆಗಲ್ಲ ಅಂತ? ನಿಮ್ಮ ನೀರಿಗೆ ಅಷ್ಟು ಕಟ್ಟುನಿಟ್ಟು, ನಮ್ಮ ನೀರು ಏನು ಹೇಳಿದ್ರೂ ಒಪ್ಕೋಬೇಕಾ?"

"ಇಲ್ಲ. ನೀನು ಹೇಳಿದ್ದೇ ಸರಿ," ಎಂದರು ಫಾದರ್.

"ಅವ್ವ ಕರೆದಾಗ ಬರ್ಬೇಕಿತ್ತು ನೀವು."

"ಹೌದು."

"ನಾನೂ ಅವ್ವನ ಹತ್ರ ಕೇಳ್ಕೋಬೇಕಿತ್ತು. ಕೇಳೋಕೆ ನಾಚ್ಕೆ ಆಯ್ತು. ಮಗಳಾಗಿ ಅವ್ವನ ಮಾತೇ ಬರಲ್ಲ ಅಂತ ಹೆಂಗೆ ಹೇಳ್ಲಿ?"

ಇಬ್ಬರೂ ಬಿಸಿಲೇರುವವರೆಗೆ ಅಲ್ಲೇ ಕುಳಿತರು. ನೀರು ಅವರ ಪಾದಗಳಿಂದ ಒಂದು ಮಾರು ದೂರದಲ್ಲಿತ್ತು. ಫಾದರ್ ಅದನ್ನು ಮುಟ್ಟದೆಯೇ ಎದ್ದರು. ಮಂಗಳವಾರ ಚಿಕ್ಕ ವಿಮಾನದಲ್ಲಿ ಹೊರಟುಹೋದರು.

ಒಬ್ಬ ಗುರುವಿನ ಹಿರಿಮೆಯನ್ನು ಅವರು ಕೊಟ್ಟ ಸಂಸ್ಕಾರಗಳಿಂದ ಅಳೆಯುವುದಾದರೆ, ಫಾದರ್ ಫಿಂಟನ್ ಅವರ ದಾಖಲೆಪುಸ್ತಕ ನಮ್ಮೆಲ್ಲರ ಹೆಸರುಗಳಿಂದ ತುಂಬಿದೆ. ಅಜ್ಜಿ ಆಗಲ್ಲ ಎಂದಾಗ ಕೈ ಹಿಂದೆಗೆದುಕೊಂಡು, ಮರಳಿನ ಮೇಲೆ ಸುಮ್ಮನೆ ಕುಳಿತ ಅವರನ್ನೇ ನಾನು ಹೆಚ್ಚಾಗಿ ನೆನೆಯುತ್ತೇನೆ. ಪರ್ತ್‌ನಲ್ಲೂ ಅವರು ಹಳೆಯ ದಾಖಲೆಗಳನ್ನು ಹುಡುಕಿ, ಚದುರಿದವರನ್ನು ಸೇರಿಸುವ ಕೆಲಸ ಬಿಟ್ಟಿಲ್ಲವೆಂದು ಕೇಳಿದ್ದೇನೆ. ಆ ಕೈಬರಹ ನಡುಗದಿರಲಿ.

ಇನ್ನು ಫಾದರ್ ಅವರಿಗೆ ಆಯುಸ್ಸು ಹಾರೈಸುವ ಮಾತು. ನದಿಯಾಚೆಯ ಊರಿನಲ್ಲಿ ಮುತ್ತಜ್ಜಿಯ ಚಿಕ್ಕ ತಂಗಿಯೊಬ್ಬರಿದ್ದಾರೆ. ತೊಂಬತ್ತು ದಾಟಿದೆ, ಕಿವಿ ಮಂದ. ಜೂನ್‌ನಿಂದ ಪ್ರತಿ ಶುಕ್ರವಾರ ಇಮೆಲ್ಡಾ ಅಜ್ಜಿ ಅವರ ಕಾಲಬಳಿ ಕುಳಿತು ನೀರಿನೊಂದಿಗೆ ಆಡುವ ಮಾತು ಕಲಿಯುತ್ತಿದ್ದಾಳೆ. ಆ ಮುದುಕಿ ಒಮ್ಮೊಮ್ಮೆ ಮಾತಿನ ನಡುವೆಯೇ ನಿದ್ದೆ ಹೋಗುತ್ತಾರೆ. ಅವರು ಏಳುವವರೆಗೂ ಅಜ್ಜಿ ಕಾಯುತ್ತಾಳೆ. ಹಿರಿಯರನ್ನು ಕೂಗಿ ಕರೆಯುವ ಭಾಗ ಅಜ್ಜಿಯ ಬಾಯಿಗೆ ಬಂದಿದೆ. ಹೊಸಬನನ್ನು ಒಪ್ಪಿಸುವ ಭಾಗ ಇನ್ನೂ ಬಂದಿಲ್ಲ. ಈ ಲೇಖನದಲ್ಲಿ ಫಾದರ್‌ಗೆ ಏನು ಹಾರೈಸಲಿ ಎಂದು ಕೇಳಿದಾಗ ಅಜ್ಜಿ ಹೇಳಿದ ಮಾತನ್ನು ನಮ್ಮಿಬ್ಬರದಾಗಿ ಒಪ್ಪಿಸುತ್ತೇನೆ:

"ಇನ್ನೂ ಅರ್ಧ ಬಾಕಿ ಇದೆ, ಅಷ್ಟರೊಳಗೆ ಸಾಯ್ಬೇಡಿ ಅಂತ ಬರಿ."