ಭಜಿ ಕಟ್ಟಿದ ಕೊನೆಯ ಹಾಳೆ

ಆಗೆಲ್ಲ ದಾಂಡೇಲಿಯಲ್ಲಿ ನಮ್ಮಂಥ ಮಕ್ಕಳಿಗೆ ಕಾಮಿಕ್ಸ್ ಎಂದರೆ ಹಾರಬಲ್ಲವರದೇ ಕಾರುಬಾರು. ಮುಖಕ್ಕೆ ಮುಸುಕು, ಬೆನ್ನಿಗೆ ಕೆಂಪು ಬಟ್ಟೆ, ಒಂದೇ ಗುದ್ದಿಗೆ ಖಳರೆಲ್ಲ ಚೆಲ್ಲಾಪಿಲ್ಲಿ. ಅಂಥ ಪುಸ್ತಕ ಚೀಲದಲ್ಲಿಟ್ಟುಕೊಂಡು ಬಂದವರಿಗೆ ಶಾಲೆಯಲ್ಲಿ ರಾಜಮರ್ಯಾದೆ. ಅವರೆಲ್ಲರಿಗಿಂತ ಹೆಚ್ಚು ಓದಿದವಳು ನಾನು. ಆದರೆ ಎಲ್ಲಿ ಕೂತು ಓದಿದೆ ಎಂದು ಬಾಯಿ ಬಿಡುವ ಹಾಗಿರಲಿಲ್ಲ.

ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಅವ್ವನ ಮಿರ್ಚಿ ಭಜಿ ಗಾಡಿ ಇತ್ತು. ಭಜಿ ಕಟ್ಟಿಕೊಡಲು ಗುಜರಿ ಅಂಗಡಿಯ ಖಾದರ ಚಾಚಾ ರದ್ದಿ ತಂದು ಹಾಕುತ್ತಿದ್ದರು. ಹಳೇ ಪೇಪರುಗಳ ನಡುವೆ ರಟ್ಟು ಕಿತ್ತುಹೋದ ಕಾಮಿಕ್ಸೂ ಇರುತ್ತಿದ್ದವು. ಶಾಲೆ ಬಿಟ್ಟ ಮೇಲೆ ಗಾಡಿಯ ಹಿಂದೆ, ಗೋಣಿತಟ್ಟಿನ ಪರದೆಯ ಮರೆಯಲ್ಲಿ ಕೂತು, ಹಾಳೆ ಹರಿದು ತಂತಿಗೆ ಚುಚ್ಚುವುದು ನನ್ನ ಕೆಲಸ. ಪರದೆಯಿಂದಾಚೆ ಮಾತ್ರ ನಾನು ಬರುತ್ತಿರಲಿಲ್ಲ. ನನ್ನ ಯೂನಿಫಾರ್ಮಿಗೆ ಕರಿದೆಣ್ಣೆಯ ವಾಸನೆ ಯಾಕೆ ಎಂದು ತರಗತಿಯಲ್ಲಿ ಯಾರಿಗೂ ಗೊತ್ತಾಗಬಾರದಿತ್ತು. ನನಗೆ ಅವ್ವನ ಗಾಡಿಯೆಂದರೆ ಅಷ್ಟು ನಾಚಿಕೆ.

ಕೆಲಸ ಮಾಡುತ್ತಲೇ ಓದಲು ನಾನೊಂದು ಉಪಾಯ ಕಂಡುಕೊಂಡಿದ್ದೆ. ಹಿಂದಿನ ಹಾಳೆಗಳನ್ನು ಮೊದಲು ಹರಿದು ತಂತಿಗೆ ಹಾಕುವುದು, ಮುಂದಿನಿಂದ ಓದುತ್ತ ಹೋಗುವುದು. ಕೊನೆ ಹಾಳೆ ಭಜಿಗೆ ಹೋದರೆ ನಷ್ಟವೇನು? ಮುಸುಕಿನವನೇ ಗೆಲ್ಲುವುದು ಎಂದು ಯಾರಿಗೆ ಗೊತ್ತಿಲ್ಲ!

ಒಂದು ಮಳೆಗಾಲದ ಸಂಜೆ ರದ್ದಿಯಲ್ಲಿ ಬೇರೆಯದೇ ಕಾಮಿಕ್ಸ್ ಸಿಕ್ಕಿತು. ರೂಢಿಯಂತೆ ಕೊನೆ ಹಾಳೆ ಕಿತ್ತು ತಂತಿಗೆ ಚುಚ್ಚಿ ಓದತೊಡಗಿದೆ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ, ಕಿತ್ತದ್ದು ಎಂಥ ಹಾಳೆ ಎಂದು ಆಗ ತಿಳಿಯಲಿಲ್ಲ. ಅದರಲ್ಲಿ ಯಾರೂ ಹಾರುತ್ತಿರಲಿಲ್ಲ. ಮರದ ಕೆಳಗೆ ಚಪ್ಪಲಿ ಹೊಲಿಯುವ ಅಪ್ಪ, ಶಾಲೆಗೆ ಹೋಗುವಾಗ ಅವನನ್ನು ಕಂಡೂ ಕಾಣದಂತೆ ರಸ್ತೆಯ ಆಚೆ ಬದಿಯಲ್ಲಿ ನಡೆಯುವ ಮಗಳು. ಒಂದಿಡೀ ಪುಟದಲ್ಲಿ ಮಾತೇ ಇಲ್ಲ, ತಲೆ ತಗ್ಗಿಸಿದ ಹುಡುಗಿ ಮಾತ್ರ. ಚಿತ್ರ ಬರೆದವರು ಎಲ್ಲಿಂದಲೋ ನನ್ನನ್ನೇ ನೋಡಿಬಿಟ್ಟಿದ್ದಾರೆ ಅನ್ನಿಸಿ ಕಿವಿ ಬಿಸಿಯಾಯಿತು. ಮುಚ್ಚಿಡಬೇಕೆನ್ನಿಸಿದರೂ ಮುಚ್ಚಲಾಗಲಿಲ್ಲ.

ಮಗಳು ಬುತ್ತಿ ಮರೆತಿದ್ದಾಳೆ. ಅಪ್ಪ ಅದನ್ನು ಹಿಡಿದು ತರಗತಿಯ ಬಾಗಿಲಿಗೆ ಬಂದು ನಿಂತಿದ್ದಾನೆ. "ಇವರು ಯಾರ ಅಪ್ಪ?" ಎಂದು ಟೀಚರು ಕೇಳುತ್ತಾರೆ. ಎಲ್ಲ ಮಕ್ಕಳೂ ತಿರುಗಿ ನೋಡುತ್ತಿದ್ದಾರೆ. ನನ್ನ ಕೈಯಲ್ಲಿದ್ದ ಹಾಳೆ ಅಲ್ಲಿಗೆ ಮುಗಿಯಿತು.

ತಂತಿ ನೋಡಿದರೆ ಆ ಕೊನೆ ಹಾಳೆ ಇಲ್ಲ. ಪರದೆಯ ಸಂದಿಯಿಂದ ಪಿಸುದನಿಯಲ್ಲಿ ಅವ್ವನನ್ನು ಕೇಳಿದೆ. ಅವ್ವ ಎಣ್ಣೆಯಿಂದ ಭಜಿ ಎತ್ತುವ ಝಾರಿಯಿಂದಲೇ ತೋರಿಸಿದಳು. ನಮ್ಮ ತರಗತಿಯ ಸವಿತಾ ಅಪ್ಪನ ಜೊತೆ ಕೊಡೆಯಡಿ ನಿಂತು ಭಜಿ ತಿಂದು ಮುಗಿಸಿ, ಎಣ್ಣೆ ಹೀರಿದ ಆ ಹಾಳೆಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದಳು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ.

"ಬೇಕಂದ್ರ ಹೋಗಿ ಇಸ್ಕೊಂಡ ಬಾರವಾ, ನಿಮ್ಮ ಸಾಲಿ ಹುಡುಗೀನ ಅದಾಳಲ್ಲ" ಎಂದಳು ಅವ್ವ.

ನಾನು ಕದಲಲಿಲ್ಲ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಎಂದೂ ಹೇಳದಿದ್ದರೂ ಅವಳಿಗೆ ಎಲ್ಲ ಗೊತ್ತಿತ್ತು ಎಂದು ಆಗ ತಿಳಿಯಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ತಾನೇ ಪರದೆ ಎಳೆದು ಸಂದಿ ಮುಚ್ಚಿದಳು.

"ಹಂಗಾರ ಒಳಗ ಸರಿ. ಕಾಣಸ್ತಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಸವಿತಾ ಹಾಳೆಯನ್ನು ಮುದ್ದೆ ಮಾಡಿ ಗಟಾರದ ನೀರಿಗೆ ಎಸೆದು ಹೋದಳು.

ಈಗ ಅವ್ವನೂ ಇಲ್ಲ, ಗಾಡಿಯೂ ಇಲ್ಲ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಯಾರೂ ಹಾರದ ಕಾಮಿಕ್ಸ್ ಈಗ ನುಣುಪು ರಟ್ಟಿನಲ್ಲಿ ಇಡಿಯಾಗಿ ಸಿಗುತ್ತವೆ. ನನ್ನ ಕಪಾಟಿನ ತುಂಬ ಅವೇ. ಅದೊಂದನ್ನು ಮಾತ್ರ ಹುಡುಕಲಾರೆ. ರಟ್ಟೇ ಇರದ ಪುಸ್ತಕದ ಹೆಸರು ಏನೆಂದು ಅಂಗಡಿಯವನನ್ನು ಕೇಳಲಿ? ಅವ್ವ ಇದ್ದಿದ್ದರೆ ಅವಳನ್ನು ಕೂಡಿಸಿಕೊಂಡು ಆ ಚಿತ್ರಗಳನ್ನು ತೋರಿಸಬೇಕಿತ್ತು.

ಟೀಚರು ಕೇಳಿದಾಗ ಆ ಹುಡುಗಿ "ನನ್ನಪ್ಪ" ಎಂದು ಎದ್ದು ನಿಂತಳೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ಏಳಲಿಲ್ಲ.