ನಾನು ಬಲ ಕೊಟ್ಟ ವಾದ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಾಸನದ ಒಂದು ಟ್ಯುಟೋರಿಯಲ್‌ನಲ್ಲಿ ಬ್ಯಾಂಕ್ ಪರೀಕ್ಷೆ ಕಟ್ಟುವವರಿಗೆ ರೀಸನಿಂಗ್ ಹೇಳಿಕೊಡುತ್ತಿದ್ದೆ. ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಹೊರಟರೆ ಸಂಜೆಯ ಬಸ್ಸಿಗೆ ವಾಪಸ್. ಅಪ್ಪ, ದೊಡ್ಡಪ್ಪ ಇಬ್ಬರೂ ಮೇಷ್ಟ್ರುಗಳಾಗಿದ್ದವರು. ನನಗೆ ಸರ್ಕಾರಿ ಕೆಲಸ ಸಿಗದಿದ್ದರೂ ಕೈಯಲ್ಲಿ ಸೀಮೆಸುಣ್ಣವಂತೂ ಇದೆಯಲ್ಲ ಎಂದು ಅವರು ಸಮಾಧಾನ ಮಾಡಿಕೊಂಡಿದ್ದರು.

ವಾದವನ್ನು ಬಲಪಡಿಸುವ ಪ್ರಶ್ನೆಗಳೆಂದರೆ ನನಗೆ ಪ್ರಾಣ. ಊರಿಗೆ ಬೋರ್‌ವೆಲ್ ಬಂದ ಮೇಲೆ ಮಕ್ಕಳ ಹೊಟ್ಟೆನೋವು ಕಮ್ಮಿಯಾಗಿದೆ, ಆದ್ದರಿಂದ ಬೋರ್‌ವೆಲ್ ನೀರೇ ಕಾರಣ ಅಂತ ಒಂದು ವಾದ ಇರುತ್ತದೆ. ಕೆಳಗಿನ ನಾಲ್ಕು ಹೇಳಿಕೆಗಳಲ್ಲಿ ಯಾವುದು ಅದಕ್ಕೆ ಬಲ ಕೊಡುತ್ತದೆ ಎಂದು ಗುರುತಿಸಬೇಕು. ಬಲ ಕೊಡುವುದು ಬೇರೆ, ಸಾಬೀತು ಮಾಡುವುದು ಬೇರೆ ಎಂದು ನಾನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಹೇಳುತ್ತಿದ್ದೆ. ಬೇರೆ ಕಾರಣ ಯಾವುದೂ ಇಲ್ಲ ಎಂದು ತೋರಿಸುವ ಹೇಳಿಕೆ ಇದ್ದರೆ ಕಣ್ಣು ಮುಚ್ಚಿ ಅದಕ್ಕೇ ಟಿಕ್ ಹಾಕಿ ಅನ್ನುತ್ತಿದ್ದೆ.

ನಮ್ಮ ಪ್ರಶ್ನೆಪತ್ರಿಕೆಗಳನ್ನು ಟೈಪ್ ಮಾಡುತ್ತಿದ್ದವಳು ಚನ್ನರಾಯಪಟ್ಟಣದ ಕಡೆಯ ಹೆಂಗಸು. ಮೂವತ್ತರ ಹತ್ತಿರ ವಯಸ್ಸು, ಮದುವೆಯಾಗಿರಲಿಲ್ಲ. ಪತ್ರಿಕೆ ಇಡುವ ಬೀರುವಿನ ಕೀಲಿ ಅವಳ ಹತ್ತಿರವೇ ಇರುತ್ತಿತ್ತು. ಮಧ್ಯಾಹ್ನ ಕೆಲಸ ಮುಗಿಸಿ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದಳು. ಅವಳೂ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಕೇಳಿದರೆ ಮಾತ್ರ ಮೆಲ್ಲಗೆ ಹೇಳುತ್ತಿದ್ದಳು. ಅದು ಸರಿಯೇ ಇರುತ್ತಿತ್ತು.

ಒಂದು ಸೋಮವಾರ ಅರಕಲಗೂಡಿನಿಂದ ಬರುತ್ತಿದ್ದ ಇಬ್ಬರು ವಿದ್ಯಾರ್ಥಿಗಳು ಮಾಲೀಕರ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಅದು ಊರಿನ ಇನ್ನೊಂದು ಟ್ಯುಟೋರಿಯಲ್‌ನ ಮಾದರಿ ಪರೀಕ್ಷೆಯ ಪತ್ರಿಕೆ. ನಮ್ಮ ಪರೀಕ್ಷೆಗಿಂತ ವಾರ ಮುಂಚೆಯೇ ನಡೆದಿತ್ತು. ಅದರಲ್ಲಿದ್ದ ಆರು ಪ್ರಶ್ನೆಗಳು ಅಕ್ಷರವೂ ಬದಲಾಗದೆ ನಮ್ಮ ಪತ್ರಿಕೆಯಲ್ಲಿದ್ದವು.

ಆ ಆರನ್ನು ನಾನು ಒಂದು ಹಳೆಯ ಗೈಡಿನಿಂದ ಇಳಿಸಿದ್ದೆ. ಆ ವಾರ ಸ್ವಂತ ಪ್ರಶ್ನೆ ಬರೆಯಲು ಸೋಮಾರಿತನವಾಗಿತ್ತು, ಅಷ್ಟೇ. ಆ ಕಡೆಯವರೂ ಅದೇ ಗೈಡು ನೋಡಿದ್ದಾರೆಂದು ಹಾಳೆ ಕಂಡ ತಕ್ಷಣ ನನಗೆ ಹೊಳೆಯಿತು. ಆದರೆ ನಮ್ಮ ಟ್ಯುಟೋರಿಯಲ್‌ನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಸ್ವಂತ ಪ್ರಶ್ನೆಗಳು’ ಎಂದು ಬರೆಸಿದ್ದರು. ಅದನ್ನು ಬರೆಸುವಾಗ ಮಾಲೀಕರು ನನ್ನ ಬೆನ್ನು ತಟ್ಟಿದ್ದರು.

ಮಾಲೀಕರು ಟೈಪ್ ಮಾಡುವವಳನ್ನು ಕರೆಸಿ ನಿಲ್ಲಿಸಿದರು. ಪತ್ರಿಕೆ ಬೀರುವಿನಿಂದ ಹೋಗಿದೆ, ಕೀಲಿ ನಿನ್ನ ಹತ್ತಿರ ಇತ್ತು, ನೀನೇ ಕೊಟ್ಟಿದ್ದೀಯ ಅಂದರು. ಅವಳು ಇಲ್ಲ ಅಂದಳು. ಅವರು ನನ್ನ ಕಡೆ ತಿರುಗಿದರು.

“ಈ ಪ್ರಶ್ನೆಗಳು ಬೇರೆ ಎಲ್ಲಾದ್ರೂ ಇರಕ್ಕೆ ಸಾಧ್ಯನಾ ಮೇಷ್ಟ್ರೇ?”

“ಇಲ್ಲ ಸಾರ್, ನಾನೇ ಬರೆದದ್ದು,” ಅಂದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಇನ್ನೊಂದು ಟ್ಯುಟೋರಿಯಲ್‌ನಲ್ಲಿ ಲೆಕ್ಕ ಹೇಳಿಕೊಡುವವನು ಇವಳ ಸೋದರಮಾವನ ಮಗ ಎಂದೂ ಹೇಳಿದೆ. ಅದು ನಿಜವೇ. ಒಮ್ಮೆ ಊಟದ ಹೊತ್ತಿನಲ್ಲಿ ಅವಳೇ ಸಲಿಗೆಯಿಂದ ಹೇಳಿದ್ದಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕಿಟಕಿಯ ಕಡೆ ನೋಡಿದೆ.

ಅವತ್ತೇ ಅವಳನ್ನು ಕೆಲಸದಿಂದ ತೆಗೆದರು. ಮಧ್ಯಾಹ್ನ ಕೊನೆಯ ಬೆಂಚು ಖಾಲಿಯಿತ್ತು. ನಾನು ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ. ನಾಳೆ ಹೇಳೋಣ, ವಾರ ಕಳೆಯಲಿ ಎಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ. ಆಮೇಲೆ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿ ಟ್ಯುಟೋರಿಯಲ್ ಬಿಟ್ಟೆ.

ಇನ್ನೂ ನಾಲ್ಕೈದು ವರ್ಷವಾದ ಮೇಲೆ, ನೆಂಟರನ್ನು ಕರೆದುಕೊಂಡು ಶ್ರವಣಬೆಳಗೊಳಕ್ಕೆ ಹೋಗಿದ್ದೆ. ರೂಮು ಕೇಳಲು ಒಂದು ಲಾಡ್ಜಿಗೆ ಹೋದರೆ ಕೌಂಟರಿನಲ್ಲಿ ಅವಳೇ ಕೂತಿದ್ದಳು. ಗುರುತು ಹಿಡಿದು ಎದ್ದು ನಿಂತಳು. ನೆಂಟರು ಬೆಟ್ಟ ಹತ್ತಲು ಹೋದ ಮೇಲೆ ನಾನು ವಾಪಸ್ ಬಂದು, ಗೈಡಿನ ವಿಷಯವನ್ನೆಲ್ಲ ಹೇಳಿದೆ.

“ಗೊತ್ತಿತ್ತು ಸಾ,” ಅಂದಳು. “ಆ ಗೈಡು ನನ್ತಾವೂ ಇತ್ತು. ಟೈಪ್ ಮಾಡುವಾಗ್ಲೇ ಗೊತ್ತಾಯ್ತು.”

ಹಾಗಾದರೆ ಅವತ್ತು ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ನೀವೇ ಏಳ್ತೀರ ಅಂದ್ಕಂಡಿದ್ದೆ. ಸಾಯಂಕಾಲದ ಬಸ್ಸು ಬರಗಂಟ ಕೆಳಗ್ಡೆ ಮೆಟ್ಲತ್ರ ನಿಂತಿದ್ದೆ. ನೀವು ಇನ್ನೊಂದು ಬಾಗ್ಲಲ್ಲಿ ಓದ್ರಿ.”

ನಿಜ, ಅವತ್ತು ನಾನು ಹಿಂದಿನ ಬಾಗಿಲಿನಿಂದ ಹೋಗಿದ್ದೆ.

ನಾನು ಕ್ಷಮೆ ಕೇಳಿದೆ. ಅವಳು, ಸುದ್ದಿ ಹಬ್ಬಿ ಮಾವನ ಮಗನ ಕೆಲಸವೂ ಹೋಯಿತು, ಅವನ ಹೆಸರು ಎತ್ತಿದವಳು ಇವಳೇ ಎಂದು ಮಾವನ ಮನೆಯವರು ಮಾತು ಬಿಟ್ಟರು ಎಂದು ತಿಳಿಸಿದಳು. ಅವಳು ಆಮೇಲೆ ಯಾವ ಪರೀಕ್ಷೆಯನ್ನೂ ಬರೆಯಲಿಲ್ಲ.

“ನನ್ಗೇಳಿ ಏನ್ ಪ್ರಯೋಜ್ನ ಸಾ. ನಮ್ಮಾವನ ಮನೇಲಿ ಏಳಿ.”

ಮುಂದಿನ ಭಾನುವಾರ ಚನ್ನರಾಯಪಟ್ಟಣದಲ್ಲಿದ್ದ ಅವಳ ಮಾವನ ಮನೆಗೆ ಹೋದೆ. ಮಾವ ಜಗಲಿಯಲ್ಲಿ ಕೂರಿಸಿ, ಮಗನನ್ನೂ ಕರೆದು, ಕೊನೆಯವರೆಗೆ ಕೇಳಿದರು. ಮಗ ಎದ್ದು ಒಳಗೆ ಹೋದ. ಮಾವ ಮಾತ್ರ, ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹುಸಿ ಮೇಷ್ಟ್ರು ಅಂದಾರೆಂಬ ಹೆದರಿಕೆಯಾಯಿತು ಅಂದೆ. ಬಾಯಿಬಿಟ್ಟು ಹೇಳಿದಾಗ ಅದೆಷ್ಟು ಸಣ್ಣ ಕಾರಣವೆಂದು ನನಗೇ ನಾಚಿಕೆಯಾಯಿತು.

ಆ ಯುಗಾದಿಗೆ ಮಾವನ ಮನೆಯವರು ಅವಳನ್ನು ಊಟಕ್ಕೆ ಕರೆದರಂತೆ. ಮಾವನ ಮಗ ಮಾತ್ರ ಅವತ್ತು ಮನೆಯಲ್ಲಿರಲಿಲ್ಲವಂತೆ. ಲಾಡ್ಜಿಗೆ ಫೋನ್ ಮಾಡಿ ವಿಚಾರಿಸಿದಾಗ ಅವಳೇ ಹೇಳಿದಳು. ಆಮೇಲೆ, ಗಿರಾಕಿ ಬಂದವ್ರೆ ಸಾ, ಇಡ್ತೀನಿ ಅಂದು ಫೋನ್ ಇಟ್ಟಳು.