ಹಿಂದೆ ಹೇಳುವವರ ಜಾಗ

ಎಂಬತ್ತರ ದಶಕದ ನಡುವಿನ ಮಾತು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿಯಿತ್ತು. ಜನ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದೆ. ಎರಡು ಡೆಕ್ಕು, ಒಂದು ಆಂಪ್ಲಿಫೈಯರ್, ಗಡಿಯಾರ ರಿಪೇರಿಯವರು ಬಳಸುವಂಥ ಪುಟ್ಟ ಸ್ಕ್ರೂಡ್ರೈವರ್, ಇಷ್ಟೇ ನನ್ನ ಸರಂಜಾಮು. ಬಾಯಿ ಮಾತ್ರ ದೊಡ್ಡದು. ಕುಣಿಯುವ ಹುಡುಗರಿಗೆ ಹಾಡಿನ ಓಟ ಹೆಚ್ಚಿಸಿ ಕೊಟ್ಟಿದ್ದೆ, ಭಜನೆಯ ಹಿರಿಯರಿಗೆ ಶ್ರುತಿ ಇಳಿಸಿ ಕೊಟ್ಟಿದ್ದೆ. ಹೊನ್ನಾಳಿ, ಜಗಳೂರಿನಿಂದಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂದು ಜಂಭ ಕೊಚ್ಚುತ್ತಿದ್ದೆ. ಹೊನ್ನಾಳಿಯಿಂದ ಬಂದವನು ಒಬ್ಬನೇ, ಅವನೂ ಬಸ್ಸು ತಪ್ಪಿ ನೆರಳಿಗೆ ಕೂತವನು.

ಒಂದು ಮಧ್ಯಾಹ್ನ ಸಂತೇಬೆನ್ನೂರಿನ ಗಂಡ ಹೆಂಡತಿ ಬಂದರು. ಆಕೆಗೆ ನಲವತ್ತೈದರ ವಯಸ್ಸಿರಬೇಕು, ಕುತ್ತಿಗೆಗೆ ಸೆರಗು ಸುತ್ತಿಕೊಂಡಿದ್ದರು. ಮಾತೆಲ್ಲ ಯಜಮಾನರದೇ.

"ತಮ್ಮಾ, ನಮ್ಮ ಕಡೆ ಸೋಬಾನೆ ಹೇಳಾಕೆ ಇವ್ಳೇ ಬೇಕು. ಇವ್ಳು ಬರೋತನಕ ಮದುವೆ ಮನೇಲಿ ಅರಿಷ್ಣ ಹಚ್ತಿರಲಿಲ್ಲ. ಗಂಟ್ಲಾಗೆ ಗಡ್ಡೆ ಆಗಿತ್ತು, ತೆಗೆಸಿದ್ವಿ. ಜೀವ ಉಳೀತು, ದನಿ ಹೋತು. ಮುಂದಿನ ತಿಂಗ್ಳು ನಮ್ಮ ಮಗಳದೇ ಮದುವೆ ಐತೆ. ಹಿಂದೆ ಯಾವ್ದೋ ಮದುವ್ಯಾಗೆ ಹಾಡಿದ್ದು ಈ ಕ್ಯಾಸೆಟ್ಟಿನಾಗೆ ಐತೆ. ಗದ್ದಲ ತೆಗೆದು ಬರೀ ಇವ್ಳ ದನಿ ಮಾಡಿ ಕೊಡು."

ಕ್ಯಾಸೆಟ್ ಹಾಕಿದೆ. ಹತ್ತು ವರ್ಷದ ಹುಡುಗಿ ಓಡುತ್ತಾ ಹಾಡಿದಂತೆ ಕೇಳಿತು. ಕಾರಣ ಆಗಲೇ ತಿಳಿಯಿತು. ಅವರ ಸೋದರಳಿಯ ಬ್ಯಾಟರಿ ಟೇಪ್ ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಿದ್ದ, ಸೆಲ್ಲು ಸೊರಗಿದ್ದವು. ಸೆಲ್ಲು ಸೊರಗಿದರೆ ಟೇಪು ನಿಧಾನ ಸುತ್ತುತ್ತದೆ. ಅದನ್ನೇ ಕರೆಂಟಿನಲ್ಲಿ ಹಾಕಿದಾಗ ಹಾಡು ಓಡುತ್ತದೆ, ದನಿ ಕೀರಲಾಗುತ್ತದೆ. ಅದರ ಮೇಲೆ ಪಾತ್ರೆ ಸದ್ದು, ಮಗುವಿನ ಅಳು, ಹತ್ತಾರು ಹೆಂಗಸರ ದನಿ ಬೇರೆ.

ಬೆರೆತ ದನಿಯಲ್ಲಿ ಒಂದನ್ನು ಮಾತ್ರ ಎತ್ತುವುದು ಸಾರಿನಿಂದ ಉಪ್ಪು ತೆಗೆದಂತೆ, ಆಗದ ಕೆಲಸ. ಅದನ್ನು ನಾನು ಹೇಳಬೇಕಿತ್ತು. ಆದರೆ ಸೋಬಾನೆಯಲ್ಲಿ ಒಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ. ಆಕೆ ಒಬ್ಬರೇ ಹೇಳಿದ ಸಾಲುಗಳನ್ನು ಆರಿಸಿ ಜೋಡಿಸಿದರಾಯಿತು ಎಂದು ನನ್ನ ತಲೆಗೆ ಹೊಳೆಯಿತು. "ಆಗ್ತೈತೆ ಬಿಡ್ರಿ ಅಕ್ಕಾರೆ" ಎಂದುಬಿಟ್ಟೆ.

ಮೊದಲು ಓಟ ಸರಿಮಾಡಬೇಕಿತ್ತು. ಡೆಕ್ಕಿನ ಮೋಟಾರಿಗೆ ಒಂದು ತೂತಿರುತ್ತದೆ, ಅದರೊಳಗೆ ಸಣ್ಣ ಸ್ಕ್ರೂ. ಕೂದಲೆಳೆಯಷ್ಟು ತಿರುಗಿಸಿದರೂ ಹಾಡು ನಿಧಾನವಾಗುತ್ತದೆ, ಅದರ ಜೊತೆಗೇ ಶ್ರುತಿಯೂ ಇಳಿಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವ ದಾರಿ ನನ್ನ ಕೈಯಲ್ಲಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಆಕೆಯೇ ಹೇಳಲಿ ಎಂದೆ. ಆಕೆ ಕೈ ಆಡಿಸಿ ಇಳಿಸು ಎಂದರು, ಇನ್ನೂ ಇಳಿಸು, ಸ್ವಲ್ಪ ಏರಿಸು. "ಇದೇ, ಇದೇ" ಎಂದ ಯಜಮಾನರ ಕಣ್ಣು ತುಂಬಿತು. ಆಕೆ ತಲೆಯಲ್ಲಾಡಿಸಿದರು. ಮತ್ತೆ ತಿರುಗಿಸಿದೆ, ಮತ್ತೆ ಅಲ್ಲ ಎಂದರು.

ನಮ್ಮ ಕಸುಬಿನವರಿಗೆ ಇದು ಗೊತ್ತಿರುವ ಸಂಗತಿ. ತನ್ನ ದನಿಯನ್ನು ಮೊದಲ ಸಲ ಟೇಪಿನಲ್ಲಿ ಕೇಳಿದವರೆಲ್ಲ ಇದು ನನ್ನದಲ್ಲ ಎನ್ನುತ್ತಾರೆ. ಆಕೆ ದನಿ ಇದ್ದಾಗ ಈ ಕ್ಯಾಸೆಟ್ಟನ್ನು ಒಮ್ಮೆಯೂ ಕೇಳಿರಲಿಲ್ಲ.

"ಅಕ್ಕಾರೆ, ನಮ್ಮ ದನಿ ನಮಗೆ ಒಳಗಿಂದ ಒಂಥರಾ ಕೇಳ್ತೈತೆ, ಬೇರೆಯವ್ರಿಗೆ ಬೇರೆ ಥರ ಕೇಳ್ತೈತೆ. ನಿಮಗೆ ಗೊತ್ತಾಗಲ್ಲ" ಎಂದೆ.

ಆಕೆ ಬಗ್ಗಿ ಬರೀ ಉಸಿರಿನಲ್ಲಿ ಕೇಳಿದರು, "ಹಂಗಾರೆ ನನ್ನ ದನಿ ಹೆಂಗಿತ್ತು ಅಂತ ನಾನು ಯಾರನ್ನ ಕೇಳ್ಲಿ?"

ಎಂಥ ದಡ್ಡ ಮಾತಾಡಿದೆ ಎನಿಸಿತು. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿನ ಮೇಲೆ ಧೂಳಿಲ್ಲದಿದ್ದರೂ ಹತ್ತಿಯಿಂದ ಒರೆಸಿದೆ. ಕೊನೆಗೆ ಯಜಮಾನರು ಹೇಳಿದ ಕಡೆಗೇ ಸ್ಕ್ರೂ ನಿಲ್ಲಿಸಿದೆ.

ನಾಲ್ಕು ಮಧ್ಯಾಹ್ನ ಅದೇ ಕೆಲಸ. ರೆಕಾರ್ಡ್ ಮಾಡುವಾಗ ಸೆಲ್ಲು ಸೊರಗುತ್ತಾ ಹೋಗಿದ್ದರಿಂದ ಹಾಡು ಬರಬರುತ್ತಾ ಇನ್ನಷ್ಟು ಓಡುತ್ತಿತ್ತು, ಹಾಗಾಗಿ ಸಾಲು ಸಾಲಿಗೂ ಸ್ಕ್ರೂ ಮುಟ್ಟಬೇಕಿತ್ತು. ಹೆಂಗಸರ ದನಿ ಶುರುವಾಗುವ ಹೊತ್ತಿಗೆ ಸರಿಯಾಗಿ ತುಂಬಿಕೊಳ್ಳುವ ಡೆಕ್ಕಿನ ಪಾಜ್ ಬಟನ್ ಒತ್ತಿ ಟೇಪು ತಡೆಯುವುದು, ಆಕೆಯ ಮುಂದಿನ ಸಾಲಿಗೆ ಬಿಡುವುದು. ಮುಗಿದಾಗ ಅಲ್ಲಲ್ಲಿ ಪಾತ್ರೆ ಸದ್ದು ಉಳಿದಿದ್ದರೂ ಹಾಡುವುದು ಬರೀ ಒಂದು ದನಿ, ಸಾಲಿನ ಮೇಲೆ ಸಾಲು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಂಗಡಿಯಲ್ಲಿ ಕೇಳಿಸಿದಾಗ ಯಜಮಾನರು ನನ್ನ ಕೈ ಹಿಡಿದುಕೊಂಡರು. ಆಕೆ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕಲು ಹೊರಟು ಮೂರನೇ ಸಾಲಿಗೇ ನಿಲ್ಲಿಸಿದರು. ನೋಡಿದೆ, ಏಕೆಂದು ಕೇಳಲಿಲ್ಲ.

ಅರಿಶಿನದ ದಿನ ನನ್ನನ್ನೂ ಕರೆದಿದ್ದರು. ಬೆಳಿಗ್ಗೆ ಮಗಳನ್ನು ಮಣೆಯ ಮೇಲೆ ಕೂರಿಸಿದರು, ಸುತ್ತ ಹೆಂಗಸರು. ನಾನು ಟೇಪ್ ರೆಕಾರ್ಡರ್ ಇಟ್ಟುಕೊಂಡು ಚಾಪೆಯ ತುದಿಯಲ್ಲಿ ಕೂತಿದ್ದೆ. ಮೊದಲ ಸಾಲು ಬಂತು. ಕೆಲವರು ಅಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲರೂ ಹಿಂದೆ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಎರಡನೇ ಸಾಲು ಬಂತು. ತಡವರಿಸಿ ಅದನ್ನು ಹಿಡಿಯಲು ಹೋದರು, ಮೂರನೆಯದು ಬಂತು. ಒಬ್ಬೊಬ್ಬರಾಗಿ ಸುಮ್ಮನಾದರು. ದನಿ ಒಂದೇ ಓಡುತ್ತಿತ್ತು.

"ಸ್ವಲ್ಪ ನಿಲ್ಲಾಕೆ ಹೇಳ್ರೇ ಅವ್ಳಿಗೆ" ಎಂದಳು ಒಬ್ಬ ಅಜ್ಜಿ.

ಗದ್ದಲವೆಂದು ನಾನು ಕಿತ್ತು ಹಾಕಿದ್ದು ಇವರ ಜಾಗ. ಒಂದೊಂದು ಸಾಲಿನ ನಡುವೆ ಅಷ್ಟು ಖಾಲಿ ಬಿಟ್ಟಿದ್ದರೆ ಸಾಕಿತ್ತು. ಸೋಬಾನೆ ಕೇಳುತ್ತಲೇ ಬೆಳೆದ ನನಗೆ ಇದು ತಿಳಿಯದೇ ಹೋಯಿತಲ್ಲ. ಅದನ್ನೇ ಹಾಕೋಣವೆಂದರೆ ಹಳೆಯ ಕ್ಯಾಸೆಟ್ ಚನ್ನಗಿರಿಯ ಅಂಗಡಿಯಲ್ಲಿತ್ತು. ನಾಚಿಕೆಯಿಂದ ಎದ್ದು ಹೋಗಬೇಕೆನಿಸಿತು.

ಆಕೆ ಸರಿದು ಬಂದು ನನ್ನ ಪಕ್ಕ ಕೂತರು. ತಡೆಯುವ ಬಟನ್ ಯಾವುದು ಎಂದು ಕಣ್ಣಲ್ಲೇ ಕೇಳಿದರು. ಪಾಜ್ ಬಟನ್ ತೋರಿಸಿದೆ. ಟೇಪನ್ನು ಮೊದಲಿಂದ ಹಾಕಿಸಿದರು. ಒಂದು ಸಾಲು ಮುಗಿಯಿತು, ಒತ್ತಿ ಹಿಡಿದರು. ಹೆಂಗಸರು ಹಿಂದೆ ಹೇಳಿದರು. ಬಿಟ್ಟರು. ಬಿಟ್ಟಾಗಲೆಲ್ಲ ಮೊದಲ ಅಕ್ಷರ ಎಳೆದುಕೊಂಡು ಬರುತ್ತಿತ್ತು. ಮಗಳು ಅರಿಶಿನದ ಮುಖ ಎತ್ತಿ ಅಮ್ಮನ ಬೆರಳನ್ನೇ ನೋಡುತ್ತಿದ್ದಳು.

ಹಾಡು ಅರ್ಧ ಆದಾಗ ಆಕೆಯ ತುಟಿಯತ್ತ ನೋಡಿದೆ. ಬಟನ್ ಒತ್ತಿದಾಗಲೆಲ್ಲ ಆಕೆಯೂ ಎಲ್ಲರ ಜೊತೆ ಬಾಯಿ ತೆರೆದು ತಮ್ಮ ಸಾಲನ್ನೇ ಹಿಂದೆ ಹೇಳುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ನನಗೂ ಅದು ಕೇಳಿಸಲಿಲ್ಲ.